ಹುಣಸೆ ಬೀಜದಿಂದ ಸ್ಲೇಟಿನವರೆಗೆ: ಆಟದ ಮೂಲಕ ಲೆಕ್ಕ ಕಲಿಸುವ ಬಗೆ

ಲೆಕ್ಕದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಶುರುವಾಗುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲೂ ಇದ್ದಾರೆ. ಇದೇ ಮಕ್ಕಳು ಅಂಗಡಿಗೆ ಹೋದರೆ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ತರುತ್ತಾರೆ. ಕ್ರಿಕೆಟ್ ನೋಡುವಾಗ ಗೆಲ್ಲಲು ಇನ್ನೆಷ್ಟು ರನ್ ಬೇಕು ಎಂಬುದನ್ನು ಕ್ಷಣದಲ್ಲಿ ಹೇಳುತ್ತಾರೆ. ಆದರೆ ಸ್ಲೇಟಿನ ಮೇಲೆ 52ರಿಂದ 28ನ್ನು ಕಳೆಯಲು ಹೇಳಿದರೆ 36 ಎಂದು ಬರೆದು ಕೊಡುತ್ತಾರೆ. ಮಗುವಿಗೆ ಬುದ್ಧಿ ಇಲ್ಲವೇ? ಖಂಡಿತ ಇದೆ. ಬೀದಿಯ ಲೆಕ್ಕಕ್ಕೂ ಸ್ಲೇಟಿನ ಲೆಕ್ಕಕ್ಕೂ ನಡುವೆ ಒಂದು ಹೊಳೆ ಹರಿಯುತ್ತಿದೆ, ಅದಕ್ಕೆ ಯಾರೂ ಸಂಕ ಹಾಕಿಲ್ಲ, ಅಷ್ಟೆ. ಆಟದ ಮೂಲಕ ಗಣಿತ ಕಲಿಸುವುದೆಂದರೆ ಈ ಸಂಕವನ್ನು ಕಟ್ಟುವ ಕೆಲಸ.

ನಮ್ಮಲ್ಲಿ ಅನೇಕರು ವಾಳೆಯ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುತ್ತಾರೆ. ಶಿಕ್ಷಕಿಯರಾಗಿ ನಿವೃತ್ತರಾದವರು, ಕಾಲೇಜಿಗೆ ಹೋಗುವ ಯುವಕ ಯುವತಿಯರು, ಮನೆಯಲ್ಲಿ ಮೊಮ್ಮಕ್ಕಳನ್ನು ಓದಿಸುವ ಅಜ್ಜ ಅಜ್ಜಿಯರು ಇದ್ದಾರೆ. ಅವರೆಲ್ಲರಿಗೂ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಈ ಲೇಖನ.

ಸಮಸ್ಯೆ ಎಷ್ಟು ದೊಡ್ಡದು?

ದೇಶದ ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕವನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ 'ಅಸರ್' ಸಮೀಕ್ಷೆ 2005ರಲ್ಲಿ ಆರಂಭವಾಯಿತು. ಇದರ ಲೆಕ್ಕದ ಪರೀಕ್ಷೆ ತೀರಾ ಸರಳ. ಒಂದರಿಂದ ಒಂಬತ್ತರವರೆಗಿನ ಅಂಕೆ ಗುರುತಿಸುವುದು, ಎರಡಂಕಿಯ ಸಂಖ್ಯೆ ಗುರುತಿಸುವುದು, ದಶಕ ಬಿಡಿಸಿ ಕಳೆಯುವ ಎರಡಂಕಿಯ ಲೆಕ್ಕ, ಕೊನೆಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಪ್ರದೇಶದ ಮೂರನೇ ತರಗತಿ ಮಕ್ಕಳಲ್ಲಿ ಕಳೆಯುವ ಲೆಕ್ಕವನ್ನು ಮಾಡಬಲ್ಲವರು ಶೇಕಡಾ 33.7 ಮಾತ್ರ. ಐದನೇ ತರಗತಿಯಲ್ಲಿ ಭಾಗಾಕಾರ ಬಲ್ಲವರು ಶೇಕಡಾ 30.7. ಅಂದರೆ ಪ್ರಾಥಮಿಕ ಶಾಲೆಯ ಅರ್ಧ ದಾರಿ ದಾಟಿದ ಮೂವರು ಮಕ್ಕಳಲ್ಲಿ ಇಬ್ಬರಿಗೆ ಕಳೆಯುವ ಲೆಕ್ಕವೇ ಬರುವುದಿಲ್ಲ. ಹಿಂದಿನ ವರ್ಷಗಳಿಗಿಂತ ಪರಿಸ್ಥಿತಿ ಸುಧಾರಿಸಿದೆ ಎಂಬುದು ಸಮಾಧಾನದ ಸಂಗತಿಯಾದರೂ ನೆಮ್ಮದಿಯಿಂದ ಕೂರುವಂತಿಲ್ಲ.

ಗಣಿತ ಮೆಟ್ಟಿಲಿನಂತಹ ವಿಷಯ. ಸಮಾಜ ಪಾಠದಲ್ಲಿ ಒಂದು ಅಧ್ಯಾಯ ತಪ್ಪಿದರೆ ಮುಂದಿನದನ್ನು ಓದಬಹುದು. ಗಣಿತದಲ್ಲಿ ಹಾಗಲ್ಲ. ಕಳೆಯಲು ಬಾರದ ಮಗುವಿಗೆ ಭಾಗಾಕಾರ ಬಾರದು, ಭಾಗಾಕಾರ ಬಾರದ ಮಗುವಿಗೆ ಭಿನ್ನರಾಶಿ ಬಾರದು. ಮೂರನೇ ತರಗತಿಯಲ್ಲಿ ತಪ್ಪಿದ ಮೆಟ್ಟಿಲಿನ ಪೆಟ್ಟು ಎಸ್ಸೆಸ್ಸೆಲ್ಸಿಯಲ್ಲಿ ಕಾಣಿಸುತ್ತದೆ. ನಡುವಿನ ಏಳು ವರ್ಷ ಆ ಮಗು ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತಿರುತ್ತದೆ.

ಹೊಸಕೋಟೆಯಲ್ಲಿ ನಡೆದ ಪ್ರಯತ್ನ

ಈ ನಿಟ್ಟಿನಲ್ಲಿ ನಮ್ಮದೇ ರಾಜ್ಯದಲ್ಲಿ ನಡೆದ ಒಂದು ಪ್ರಯತ್ನವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬೆಂಗಳೂರು ಗ್ರಾಮಾಂತರ ಜಿಲ್ಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲೂಕುಗಳನ್ನು ಒಳಗೊಂಡಿದೆ. ಈ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈಯಲ್ಲಿ ತೀರ್ಮಾನಿಸಿತು. ರಾಜಧಾನಿಯ ಸೆರಗಿನಲ್ಲೇ ಇದ್ದರೂ ಇಲ್ಲಿನ ಸರಕಾರಿ ಶಾಲೆಗಳಿಗೆ ಬರುವವರು ಹೆಚ್ಚಾಗಿ ಬೇಸಾಯಗಾರರ, ಮಗ್ಗದ ಕೆಲಸದವರ, ಕೂಲಿ ಕಾರ್ಮಿಕರ ಮಕ್ಕಳು.

2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯು 2010ರ ದಶಕದ ಮೊದಲ ವರ್ಷಗಳಲ್ಲಿ ಹೊಸಕೋಟೆ ತಾಲೂಕಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಕೈಗೊಂಡಿತು. ಪ್ರತಿ ಶಾಲೆಗೆ ಗಣಿತದ ಒಂದು ಪೆಟ್ಟಿಗೆ. ಅದರಲ್ಲಿ ಅಬಾಕಸ್, ಬಿಡಿ ಹತ್ತು ನೂರನ್ನು ತೋರಿಸುವ ಕಟ್ಟೆಗಳು, ಸ್ಥಾನಬೆಲೆಯ ಪಟ್ಟಿಗಳು, ಸಂಖ್ಯಾರೇಖೆ, ದಾಳಗಳು, ಆಟದ ನೋಟು ಮತ್ತು ನಾಣ್ಯಗಳು, ಭಿನ್ನರಾಶಿಯ ತುಂಡುಗಳು, ತಕ್ಕಡಿ, ಗಡಿಯಾರ, ಅಳತೆಯ ಟೇಪು ಹೀಗೆ ಸುಮಾರು ಇಪ್ಪತ್ತು ಬಗೆಯ ಸಾಮಗ್ರಿಗಳು. ಶಿಕ್ಷಕರಿಗೆ ತರಬೇತಿ ನೀಡಲಾಯಿತು. ಮಕ್ಕಳು ಗುಂಪು ಗುಂಪಾಗಿ ಕುಳಿತು ಈ ಸಾಮಗ್ರಿಗಳನ್ನು ತಮ್ಮ ಕೈಯಿಂದಲೇ ಜೋಡಿಸಿ, ಬಿಡಿಸಿ, ಆಡಿ ಕಲಿಯುವುದು ಇದರ ತಿರುಳು.

ಮುಂದೆ ಇದು 'ಗಣಿತ ಕಲಿಕಾ ಆಂದೋಲನ' ಎಂಬ ಹೆಸರಿನಲ್ಲಿ ರಾಜ್ಯ ಸರಕಾರದ ಜೊತೆಗೂಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ಬಳಿಕ ರಾಜ್ಯದ ಇತರ ಕಡೆಗಳಿಗೆ ಹಬ್ಬಿತು. ಮಾತ್ರವಲ್ಲ, ಗ್ರಾಮ ಪಂಚಾಯತ್ ಮಟ್ಟದಲ್ಲಿ ಗಣಿತ ಸ್ಪರ್ಧೆಗಳು ನಡೆದವು. ಸುತ್ತಲಿನ ಸರಕಾರಿ ಶಾಲೆಗಳ ಮಕ್ಕಳು ಒಂದೆಡೆ ಸೇರಿ ಪರೀಕ್ಷೆ ಬರೆಯುವುದು, ಹೆತ್ತವರ ಮತ್ತು ಊರವರ ಮುಂದೆಯೇ ಫಲಿತಾಂಶ ತಿಳಿಸುವುದು, ಊರವರೇ ಬಹುಮಾನ ಕೊಡುವುದು ಇದರ ಕ್ರಮ. ಯಾವ ಮಗುವಿಗೆ ಯಾವ ಲೆಕ್ಕ ಬರುತ್ತದೆ ಎಂಬುದು ಶಾಲೆಯ ನಾಲ್ಕು ಗೋಡೆಗಳಾಚೆಗೆ, ಊರಿನ ವಿಷಯವಾಯಿತು.

ಇದಕ್ಕೆ ಮೊದಲೇ ಕರ್ನಾಟಕದಲ್ಲಿ 'ನಲಿ ಕಲಿ' ಇತ್ತು ಎಂಬುದನ್ನೂ ಮರೆಯಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ವಿಸ್ತರಿಸಿತು. ಹಾಡು, ಕಾರ್ಡು, ಆಟಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು ಅದರ ಕ್ರಮ.

ಆಟವಾಡಿದರೆ ಸಾಕೇ?

ಸಾಲದು. ಇದೇ ಈ ಲೇಖನದ ಮುಖ್ಯ ಮಾತು.

ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ 214 ಶಾಲಾಪೂರ್ವ ಕೇಂದ್ರಗಳಲ್ಲಿ ಪುಟ್ಟ ಮಕ್ಕಳಿಗೆ ಗಣಿತದ ಆಟಗಳನ್ನು ಆಡಿಸಿ ಪರಿಣಾಮವನ್ನು ಅಳೆಯಲಾಯಿತು. ಯಾವ ಗುಂಪಿನಲ್ಲಿ ಹೆಚ್ಚು ಚುಕ್ಕೆಗಳಿವೆ, ಯಾವ ಆಕಾರ ಬೇರೆಯಾಗಿದೆ ಎಂಬಂತಹ ಆಟಗಳು ಅವು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕೆ ಇದ್ದ ಈ ತಂಡದ ವರದಿ 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಟವಾಡಿದ ಮಕ್ಕಳ ಅಂದಾಜಿನ ಶಕ್ತಿ ಹೆಚ್ಚಿತು, ವರ್ಷದ ಬಳಿಕವೂ ಉಳಿಯಿತು. ಆದರೆ ಒಂದನೇ ತರಗತಿಗೆ ಹೋದ ಮೇಲೆ ಶಾಲೆಯ ಗಣಿತದಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದಿರಲಿಲ್ಲ.

ಅದೇ ಡುಫ್ಲೋ, ಅಭಿಜಿತ್ ಬ್ಯಾನರ್ಜಿ, ಸ್ಪೆಲ್ಕೆ ಮುಂತಾದವರು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ನಿಂತ ಸಾವಿರದ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನದ ಪ್ರಕಾರ ತರಕಾರಿಯ ತೂಕ, ದರ, ಚಿಲ್ಲರೆ ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುವ ಈ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟ ಅದಕ್ಕಿಂತ ಸುಲಭದ ಲೆಕ್ಕದಲ್ಲಿ ಸೋತರು. ಶಾಲೆಗೆ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಎರಡೂ ಕಡೆ ಜಾಣ್ಮೆಗೆ ಕೊರತೆ ಇರಲಿಲ್ಲ, ಒಂದು ಕಡೆಯ ಜಾಣ್ಮೆ ಇನ್ನೊಂದು ಕಡೆಗೆ ದಾಟಲಿಲ್ಲ.

ಆದ್ದರಿಂದ ಆಟವು ಆಟದಲ್ಲೇ ಮುಗಿದರೆ ಮಗು ಖುಷಿಪಡುತ್ತದೆ, ಲೆಕ್ಕ ಕಲಿಯುವುದಿಲ್ಲ. ಹೊಸಕೋಟೆಯ ಪೆಟ್ಟಿಗೆಯ ಹಿಂದಿರುವ ತತ್ವವೂ ಇದೇ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕೆ. ಮಗು ಮೊದಲು ಕೈಯಲ್ಲಿ ಕಡ್ಡಿಗಳನ್ನು ಹಿಡಿಯಬೇಕು, ಬಳಿಕ ಆ ಕಡ್ಡಿಗಳ ಚಿತ್ರ ಬರೆಯಬೇಕು, ಕೊನೆಗೆ ಅಂಕೆಗಳಲ್ಲಿ ಬರೆಯಬೇಕು. ಯಾವ ಮೆಟ್ಟಿಲನ್ನೂ ಹಾರಬಾರದು.

ಈ ವಿಚಾರ ಹೊಸದೇನಲ್ಲ. ಇಟಲಿಯ ಮಾರಿಯಾ ಮೊಂಟೆಸ್ಸರಿ ಒಂದೇ ಮಣಿ, ಹತ್ತು ಮಣಿಗಳ ಸರಳು, ನೂರರ ಚೌಕ, ಸಾವಿರದ ಘನ ಹೀಗೆ ಚಿನ್ನದ ಬಣ್ಣದ ಮಣಿಗಳಿಂದ ಸ್ಥಾನಬೆಲೆಯನ್ನು ಕಲಿಸಿದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧಕಾಲದಲ್ಲಿ ಕೊಡೈಕನಾಲ್‌ನಲ್ಲಿಯೂ ಇದ್ದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದರು. ಚಿನ್ನದ ಬಣ್ಣದ ಮಣಿ ಇಲ್ಲದಿದ್ದರೆ ಹುಣಸೆ ಬೀಜ ಸಾಕು.

ಮನೆಯಲ್ಲೇ ಮಾಡಬಹುದಾದ ಐದು ಆಟಗಳು

1. ಹತ್ತರ ಜೋಡಿ: ಹಳೆಯ ಮದುವೆ ಆಮಂತ್ರಣ ಪತ್ರಗಳನ್ನು ಕತ್ತರಿಸಿ 0ಯಿಂದ 10ರವರೆಗೆ ಅಂಕೆ ಬರೆದ ಎರಡು ಸೆಟ್ ಕಾರ್ಡು ಮಾಡಿ. ನೆಲದ ಮೇಲೆ ಹರಡಿ, ಕೂಡಿದರೆ ಹತ್ತಾಗುವ ಎರಡು ಕಾರ್ಡುಗಳನ್ನು ಮಕ್ಕಳು ಸರದಿಯಂತೆ ಎತ್ತಲಿ. ಎಂಟಕ್ಕೆ ಎರಡು, ಏಳಕ್ಕೆ ಮೂರು ಎಂಬುದು ಬೆರಳು ಮಡಚದೆ ಬಾಯಿಗೆ ಬಂದ ಮೇಲೆ 8 ಮತ್ತು 5ನ್ನು ಕೂಡಿಸಲು ಹೇಳಿ. ಎಂಟು ಹತ್ತಾಗಲು ಎರಡು ಬೇಕು, ಐದರಲ್ಲಿ ಎರಡು ಹೋದರೆ ಉಳಿಯುವುದು ಮೂರು, ಆದ್ದರಿಂದ ಹದಿಮೂರು. ದಶಕ ಸಹಿತ ಸಂಕಲನದ ಗುಟ್ಟು ಇಷ್ಟೇ.

2. ಸಾಲುಮನೆ: ನೆಲದ ಮೇಲೆ ಸೀಮೆಸುಣ್ಣದಿಂದ ಒಂದೇ ಸಾಲಿನಲ್ಲಿ 1ರಿಂದ 20ರವರೆಗೆ ಮನೆಗಳನ್ನು ಬರೆಯಿರಿ. ದಾಳ ಹಾಕಿ ಕಾಯಿ ನಡೆಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಆರನೇ ಮನೆಯಲ್ಲಿದ್ದ ಮಗುವಿಗೆ ಎರಡು ಬಿದ್ದರೆ 'ಒಂದು, ಎರಡು' ಎಂದು ಎಣಿಸಬಾರದು, 'ಏಳು, ಎಂಟು' ಎಂದು ಮನೆಯ ಸಂಖ್ಯೆಯನ್ನೇ ಹೇಳಬೇಕು. ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಇಂತಹ ಸಾಲುಮನೆ ಆಟ ಆಡಿಸಿದಾಗ ಹದಿನೈದಿಪ್ಪತ್ತು ನಿಮಿಷದ ನಾಲ್ಕೇ ಬಾರಿಯ ಆಟದಲ್ಲಿ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತ್ತು. ಮನೆಗಳ ಸಂಖ್ಯೆಯನ್ನು ಹೇಳುತ್ತಾ ಆಡಿದವರಿಗೆ ಲಾಭ ಹೆಚ್ಚು ಎಂಬುದೂ, ವೃತ್ತಾಕಾರದ ಮನೆಗಳಿಗಿಂತ ನೇರ ಸಾಲು ಒಳ್ಳೆಯದೆಂಬುದೂ ಅವರ ಅಧ್ಯಯನಗಳಲ್ಲಿ ಕಂಡುಬಂತು. ಹಾವು ಏಣಿ ಆಟದಲ್ಲಿ ಸಾಲು ಹಾವಿನಂತೆ ತಿರುಗುವುದರಿಂದ ತೀರಾ ಚಿಕ್ಕವರಿಗೆ ಗೊಂದಲವಾಗಬಹುದು. ಮೊದಲು ನೇರ ಸಾಲು, ಹಾವು ಏಣಿ ಆಮೇಲೆ.

3. ಕಟ್ಟು ಕಟ್ಟು, ಕಟ್ಟು ಬಿಚ್ಚು: ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ಇಟ್ಟುಕೊಳ್ಳಿ, ಜೊತೆಗೆ ರಬ್ಬರ್ ಬ್ಯಾಂಡ್. ಎರಡು ದಾಳ ಹಾಕಿ ಬಿದ್ದಷ್ಟು ಕಡ್ಡಿ ತೆಗೆದುಕೊಳ್ಳುವುದು, ಹತ್ತಾದೊಡನೆ ಕಟ್ಟು ಕಟ್ಟುವುದು. ಮೊದಲು ಐದು ಕಟ್ಟು ಮಾಡಿದವರು ಗೆದ್ದರು. ಮರುದಿನ ಆಟವನ್ನು ತಿರುಗಿಸಿ. ಪ್ರತಿಯೊಬ್ಬರ ಕೈಯಲ್ಲೂ ಐದು ಕಟ್ಟು. ದಾಳ ಬಿದ್ದಷ್ಟು ಕಡ್ಡಿ ಹಿಂದೆ ಕೊಡಬೇಕು. ಬಿಡಿ ಕಡ್ಡಿ ಇಲ್ಲದಿದ್ದರೆ? ಕಟ್ಟು ಬಿಚ್ಚಲೇಬೇಕು.

ಆರಂಭದಲ್ಲಿ ಹೇಳಿದ 52ರಿಂದ 28 ಕಳೆಯುವ ಲೆಕ್ಕ ಈಗ ಬರಲಿ. ಎರಡರಿಂದ ಎಂಟು ಹೋಗದು ಎಂದು ಮಗು ಎಂಟರಿಂದಲೇ ಎರಡನ್ನು ಕಳೆದು 6 ಬರೆದಿತ್ತು, ಐದರಿಂದ ಎರಡು ಕಳೆದು 3 ಬರೆದಿತ್ತು, ಹೀಗೆ 36 ಆಯಿತು. ಅದರ ಕೈಗೆ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೊಡಿ. ಎಂಟು ಕಡ್ಡಿ ಕೊಡು ಎನ್ನಿ. ಅದು ತಾನಾಗಿ ಒಂದು ಕಟ್ಟು ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಹನ್ನೆರಡರಿಂದ ಎಂಟು ಹೋದರೆ ನಾಲ್ಕು, ನಾಲ್ಕು ಕಟ್ಟಿನಿಂದ ಎರಡು ಕಟ್ಟು ಹೋದರೆ ಎರಡು. ಉತ್ತರ 24. ಸ್ಲೇಟಿನ ಮೇಲೆ 5ನ್ನು ಹೊಡೆದು 4 ಬರೆಯುವುದೆಂದರೆ ಕಟ್ಟು ಬಿಚ್ಚಿದ್ದರ ಗುರುತು ಎಂದು ಆ ಕ್ಷಣದಲ್ಲೇ ತೋರಿಸಿ. 'ಪಕ್ಕದ ಮನೆಯಿಂದ ಸಾಲ ತಂದೆ' ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು. ಸಾಲ ತಂದರೆ ಹಿಂದೆ ಕೊಡಬೇಕು, ಇಲ್ಲಿ ಯಾರೂ ಹಿಂದೆ ಕೊಡುವುದಿಲ್ಲ.

ಇದೇ ಕಟ್ಟುಗಳಿಂದ ಭಾಗಾಕಾರವನ್ನೂ ಕಲಿಸಬಹುದು. 74 ಕಡ್ಡಿಗಳನ್ನು ಮೂವರಿಗೆ ಹಂಚಲು ಹೇಳಿ. ಒಬ್ಬೊಬ್ಬರಿಗೆ ಎರಡು ಕಟ್ಟು ಕೊಟ್ಟು ಒಂದು ಕಟ್ಟು ಉಳಿಯಿತು. ಅದನ್ನು ಬಿಚ್ಚಿದರೆ ನಾಲ್ಕು ಬಿಡಿಗಳೊಂದಿಗೆ ಸೇರಿ ಹದಿನಾಲ್ಕು. ಒಬ್ಬೊಬ್ಬರಿಗೆ ನಾಲ್ಕು, ಉಳಿದದ್ದು ಎರಡು. ಭಾಗಲಬ್ಧ 24, ಶೇಷ 2.

4. ಚೆನ್ನೆಮಣೆ: ನಮ್ಮ ಅಜ್ಜಿಯಂದಿರ ಚೆನ್ನೆಮಣೆಯೇ ಬೆಂಗಳೂರು, ಮೈಸೂರು ಕಡೆಯ ಅಳಿಗುಳಿ ಮಣೆ. ಹದಿನಾಲ್ಕು ಗುಳಿಗಳು, ಸಾಮಾನ್ಯವಾಗಿ ಗುಳಿಗೆ ನಾಲ್ಕು ಬೀಜ, ಒಟ್ಟು 56. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಯಾವ ಗುಳಿ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮೊದಲೇ ಊಹಿಸುವ ಮಗು ಮನಸ್ಸಿನಲ್ಲೇ ಲೆಕ್ಕ ಮಾಡುತ್ತಿದೆ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಸಾಕು. ಆಟ ಮುಗಿದ ಮೇಲೆ ನಿನ್ನಲ್ಲಿ ಎಷ್ಟು ಬೀಜ, ಹಾಗಾದರೆ ಎದುರಾಳಿಯಲ್ಲಿ ಎಷ್ಟು ಎಂದು ಕೇಳಿ. ಎಣಿಸದೆ, 56ರಿಂದ ಕಳೆದು ಹೇಳಲಿ.

ಅದೇ ಬೀಜಗಳನ್ನು ಸಾಲಾಗಿ ಜೋಡಿಸಿ ಮಗ್ಗಿಯನ್ನೂ ತೋರಿಸಬಹುದು. ಸಾಲಿಗೆ ಎಂಟರಂತೆ ಏಳು ಸಾಲು. ಐದು ಬೀಜಗಳ ಬಳಿಕ ನಡುವೆ ಒಂದು ಕಡ್ಡಿ ಇಡಿ. ಏಳೈದಲಿ ಮೂವತ್ತೈದು, ಏಳ್ಮೂರಲಿ ಇಪ್ಪತ್ತೊಂದು, ಕೂಡಿದರೆ ಐವತ್ತಾರು. ಏಳೆಂಟಲಿ ಎಷ್ಟೆಂಬುದು ಮರೆತುಹೋದರೂ ಮಗು ಇನ್ನು ಮುಂದೆ ಅಳಬೇಕಾಗಿಲ್ಲ, ದಾರಿ ಗೊತ್ತಿದೆ. ಹಾಗೆಂದು ಮಗ್ಗಿ ಬಾಯಿಪಾಠ ಬೇಡವೆಂದಲ್ಲ. ಅರ್ಥವಾದ ಮೇಲೆ ಬಾಯಿಪಾಠವಾದರೆ ಅದು ಗಟ್ಟಿ ನಿಲ್ಲುತ್ತದೆ.

5. ಅಂಗಡಿ ಆಟ: ಖಾಲಿ ಪೊಟ್ಟಣಗಳಿಗೆ ಬೆಲೆ ಬರೆದು ಅಂಗಡಿ ಹಾಕಿ, ಕಾಗದದ ನೋಟು ಮಾಡಿ. 38 ರೂಪಾಯಿಯ ಸಾಬೂನಿಗೆ ಗಿರಾಕಿ 50ರ ನೋಟು ಕೊಟ್ಟರೆ ಅಂಗಡಿಯವನು 'ಮೂವತ್ತೆಂಟಕ್ಕೆ ಎರಡು ಸೇರಿ ನಲವತ್ತು, ಹತ್ತು ಸೇರಿ ಐವತ್ತು' ಎನ್ನುತ್ತಾ 12 ರೂಪಾಯಿ ಕೊಡಲಿ. ಕೂಡಲೇ ಬಿಲ್ ಬರೆಯಬೇಕು: 50 - 38 = 12. ಈ ಬಿಲ್ಲೇ ನಾವು ಹೇಳಿದ ಸಂಕ. ಇದನ್ನು ಬಿಟ್ಟರೆ ಕೋಲ್ಕತ್ತಾದ ಮಾರುಕಟ್ಟೆಯಲ್ಲಿ ಕಂಡದ್ದೇ ಇಲ್ಲೂ ಆಗುತ್ತದೆ.

ಮನೆಮಾತಿನ ಕಡೆಗೂ ಗಮನವಿರಲಿ

ಕನ್ನಡದಲ್ಲಿ ಇಪ್ಪತ್ತನಾಲ್ಕು ಎನ್ನುವಾಗ ಇಪ್ಪತ್ತು ಮೊದಲು, ನಾಲ್ಕು ಆಮೇಲೆ. ಬರೆಯುವುದೂ ಹಾಗೆಯೇ. ತುಳುವಿನಲ್ಲೂ ಇದೇ ಕ್ರಮ. ಆದರೆ ಕೊಂಕಣಿಯಲ್ಲಿ 'ಚೊವೀಸ್' ಎನ್ನುವಾಗ ನಾಲ್ಕು ಮೊದಲು ಕೇಳಿಸುತ್ತದೆ, ಇಪ್ಪತ್ತು ಬಳಿಕ. ಮನೆಯಲ್ಲಿ ಕೊಂಕಣಿಯಲ್ಲಿ ಎಣಿಸುವ ಮಗು 24ರ ಬದಲು 42 ಬರೆದರೆ ಗದರಿಸುವ ಮುನ್ನ ಈ ಸಂಗತಿ ನೆನಪಿರಲಿ. ಎರಡು ಕಟ್ಟು ನಾಲ್ಕು ಕಡ್ಡಿಯನ್ನು ಎದುರಿಗಿಟ್ಟು ಎರಡೂ ಭಾಷೆಯಲ್ಲಿ ಹೇಳಿಸಿದರೆ ಗೊಂದಲ ತಿಳಿಯಾಗುತ್ತದೆ.

ಆಡಿಸುವವರಿಗೆ ಕೆಲವು ಸೂಚನೆಗಳು

ಆಟ ವೇಗದ ಪಂದ್ಯವಾಗದಿರಲಿ. ಮೊದಲು ಉತ್ತರ ಕೂಗಿದವರೇ ಗೆಲ್ಲುವ ಆಟದಲ್ಲಿ ಈಗಾಗಲೇ ಬಲ್ಲ ಮಗು ಮಾತ್ರ ಆಡುತ್ತದೆ, ಯಾರಿಗಾಗಿ ಆಟ ಇಟ್ಟಿದ್ದೇವೋ ಆ ಮಗು ಸುಮ್ಮನೆ ನೋಡುತ್ತದೆ. ಗೆಲುವು ದಾಳದ ಕೈಯಲ್ಲಿರುವ ಆಟಗಳಲ್ಲಿ ಹಿಂದುಳಿದ ಮಗುವೂ ಗೆಲ್ಲಬಹುದು. ಲೆಕ್ಕದಲ್ಲಿ ಒಮ್ಮೆಯೂ ಗೆಲ್ಲದ ಮಗುವಿಗೆ ಅದು ದೊಡ್ಡ ಸಂಗತಿ.

ಇಪ್ಪತ್ತು ನಿಮಿಷ ಸಾಕು. ಕೊನೆಯ ಐದು ನಿಮಿಷ ಸ್ಲೇಟಿಗೆ ಮೀಸಲಿಡಿ. ಉತ್ತರ ಸರಿಯಿರಲಿ, ತಪ್ಪಿರಲಿ, 'ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ. ಮಗುವಿನ ತಪ್ಪಿನ ಹಿಂದೆ ಏನೋ ಒಂದು ಕಾರಣವಿರುತ್ತದೆ, ಅದು ಬಾಯಿಬಿಟ್ಟು ಹೇಳಿದಾಗ ಮಾತ್ರ ನಮಗೆ ತಿಳಿಯುತ್ತದೆ. ಕಡ್ಡಿ, ಬೀಜಗಳಿಲ್ಲದೆ ಮಾಡಬಲ್ಲೆ ಎಂದು ಮಗುವೇ ಹೇಳುವವರೆಗೆ ಅವುಗಳನ್ನು ಕಿತ್ತುಕೊಳ್ಳಬೇಡಿ. ಹಾಗೆಯೇ ವರ್ಷಗಟ್ಟಲೆ ಅವುಗಳಿಗೇ ಅಂಟಿಕೊಳ್ಳುವಂತೆಯೂ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಕೆಂಪು ಕಪ್ಪಿನ ಗುಲಗಂಜಿ ನೋಡಲು ಚೆಂದ, ಆದರೆ ಅದು ವಿಷ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಹುಣಸೆ ಬೀಜವೇ ಕ್ಷೇಮ. ತೀರಾ ಸಣ್ಣ ಮಕ್ಕಳಿರುವ ಕಡೆ ಅದನ್ನೂ ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಮೊಬೈಲ್ ಇರುವ ಮನೆಗಳಲ್ಲಿ ಅಕ್ಷರ ಫೌಂಡೇಶನ್‌ನ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಉಚಿತ ಗಣಿತದ ಆ್ಯಪ್ ಕನ್ನಡದಲ್ಲೂ ಸಿಗುತ್ತದೆ. ಅಭ್ಯಾಸಕ್ಕೆ ಅದು ಉಪಯುಕ್ತ. ಆದರೆ ಕಟ್ಟು ಬಿಚ್ಚುವ ಅನುಭವವನ್ನು ಕೈಗೆ ಕೊಡಬಲ್ಲದ್ದು ಕಡ್ಡಿಯೇ ಹೊರತು ಪರದೆಯಲ್ಲ.

ಮೂರನೇ ತರಗತಿ ಮುಗಿಸುವಾಗ ಎಲ್ಲ ಮಕ್ಕಳಿಗೂ ಓದು ಮತ್ತು ಮೂಲ ಲೆಕ್ಕ ಬರಬೇಕು ಎಂಬ ಗುರಿಯೊಂದಿಗೆ ಕೇಂದ್ರ ಸರಕಾರ 2021ರ ಜುಲೈಯಲ್ಲಿ 'ನಿಪುಣ್ ಭಾರತ್' ಯೋಜನೆಯನ್ನು ಆರಂಭಿಸಿತು. 2026-27ನೇ ಸಾಲಿಗೆ ಈ ಗುರಿ ತಲುಪಬೇಕು ಎಂಬುದು ಅದರ ಆಶಯ. ಸರಕಾರದ ಕೆಲಸ ಸರಕಾರ ಮಾಡಲಿ. ನಮ್ಮ ವಾಳೆಯಲ್ಲಿ ಕಳೆಯುವ ಲೆಕ್ಕ ಬಾರದ ಮಕ್ಕಳು ಎಷ್ಟು ಮಂದಿ ಎಂದು ತಿಳಿಯಲು ಯಾವ ಯೋಜನೆಯೂ ಬೇಕಾಗಿಲ್ಲ. ಈ ಶನಿವಾರ ಸಂಜೆ ನಾಲ್ಕು ಮಕ್ಕಳನ್ನು ಕೂರಿಸಿ 52ರಿಂದ 28 ಕಳೆಯಲು ಹೇಳಿ. 36 ಎಂದು ಬರೆದ ಮಗುವನ್ನು ಗದರಿಸಬೇಡಿ. ಐದು ಕಟ್ಟು, ಎರಡು ಕಡ್ಡಿ ತೆಗೆದು ಅದರ ಮುಂದೆ ಇಡಿ.